ಫಾರ್ಮರ್ ಪದದ ಎರಡನೆಯ ಅಕ್ಷರ

ಗೋಕಾಕದಲ್ಲಿ ನನ್ನಷ್ಟು ಸಲ 'ಮಾಜಿ' ಎಂಬ ಮಾತನ್ನು ಬರೆದ ಪೇಂಟರ್ ಮತ್ತೊಬ್ಬ ಇರಲಿಕ್ಕಿಲ್ಲ. ಮಾಜಿ ಅಧ್ಯಕ್ಷರು, ಮಾಜಿ ಸದಸ್ಯರು, ಮಾಜಿ ಚೇರಮನ್ನರು. ಕುರ್ಚಿ ಬಿಟ್ಟು ಹದಿನೈದು ವರ್ಷವಾದವರೂ ಮನೆ ಬಾಗಿಲಿಗೆ ಬೋರ್ಡು ಬರೆಸಲು ಬರುತ್ತಿದ್ದರು. ಬಂದವರು ಒಂದು ಮಾತನ್ನಂತೂ ತಪ್ಪದೆ ಹೇಳುತ್ತಿದ್ದರು: "ಮಾಜಿ ಅನ್ನೂದನ್ನ ಸಣ್ಣದು ಮಾಡು, ಅಧ್ಯಕ್ಷ ಅನ್ನೂದನ್ನ ದೊಡ್ಡದು ಮಾಡು." ಹಾಗೇ ಮಾಡುತ್ತಿದ್ದೆ. ಕನ್ನಡದ ಮಾಜಿ ನನಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷಿನ ಮಾಜಿ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದ್ದು ದೊಡ್ಡ ತಪ್ಪಲ್ಲ. ಗೊತ್ತಾದ ಮೇಲೆ ನಾನು ಮಾಡಿದ್ದು ತಪ್ಪು. ಅದನ್ನೇ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಆರನೆಯ ಇಯತ್ತೆವರೆಗೆ. ಅಪ್ಪ ಹೋದ ವರ್ಷ ಕುಲಗೋಡದ ಸಾಲೆ ಬಿಟ್ಟು ಗೋಕಾಕಕ್ಕೆ ಬಂದು ಒಬ್ಬ ಬೋರ್ಡ್ ಪೇಂಟರನ ಕೈಕೆಳಗೆ ನಿಂತೆ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ಅವನು ಸಾಲೆಯ ಹೊಸ್ತಿಲನ್ನೂ ಸರಿಯಾಗಿ ದಾಟಿದವನಲ್ಲ. ಹೊಲ ಅವನಿಗೆ, ಬ್ರಷ್ ನನಗೆ ಎಂದು ಯಾರೂ ಹಂಚಿಕೊಡಲಿಲ್ಲ. ಹಾಗೆ ಆಯಿತು. ಇಬ್ಬರೂ ಯಾರ ಮುಂದೆಯೂ ಕೈ ಒಡ್ಡದೆ ದುಡಿದೆವು.

ಇಂಗ್ಲಿಷ್ ಅಕ್ಷರಗಳನ್ನು ನಾನು ಓದಿ ಕಲಿಯಲಿಲ್ಲ, ಬರೆದು ಕಲಿತೆ. ಗಿರಾಕಿ ಕೊಟ್ಟ ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರವನ್ನು ಗೋಡೆಗೆ ಇಳಿಸುವುದು. ಹಾಗೆ ಇಳಿಸುತ್ತ ಇಳಿಸುತ್ತ ಕೆಲವು ಗುಟ್ಟು ತಿಳಿದವು. ಪೇಂಟರ್, ಡ್ರೈವರ್, ಟೇಲರ್ ಎಂದು ಬರೆಯುವಾಗ ನೋಡಿದೆ, ದುಡಿಯುವ ಮನುಷ್ಯನ ಹೆಸರಿನ ಬಾಲಕ್ಕೆ ಯಾವಾಗಲೂ ಅದೇ ಎರಡು ಅಕ್ಷರ, ಇ ಮತ್ತು ಆರ್. ಟೇಲರನಿಗೆ ಮಾತ್ರ ಓ ಬರುತ್ತದೆಂದು ಒಬ್ಬ ಗಿರಾಕಿ ಬಯ್ದ ಮೇಲೆ ತಿಳಿಯಿತು, ಆದರೆ ಟೇಲರ್‌ಗಳು ಮೊದಲಿನಿಂದಲೂ ಉಲ್ಟಾ ಮಂದಿ ಎಂದು ಬಿಟ್ಟುಬಿಟ್ಟೆ. ಈ ಗುಟ್ಟನ್ನು ನನಗೆ ಯಾವ ಮಾಸ್ತರನೂ ಹೇಳಿಕೊಟ್ಟಿರಲಿಲ್ಲ. ನಾನೇ ಕಂಡುಹಿಡಿದಿದ್ದೆ. ಸಾಲೆ ಕಲಿತವರು ನನ್ನ ಅಂಗಡಿಯ ಮುಂದೆ ನಿಂತು ನನ್ನ ಇಂಗ್ಲಿಷ್ ಬೋರ್ಡು ಓದುವಾಗ ನನ್ನ ಎದೆ ಒಂದು ಬೆರಳು ಮೇಲೆ ಬರುತ್ತಿತ್ತು.

ಅಣ್ಣ ಟ್ರ್ಯಾಕ್ಟರ್ ಕೊಂಡ ವರ್ಷ ಕಬ್ಬು ಹೇರುವ ಟ್ರೇಲರನ್ನೂ ಮಾಡಿಸಿದ. ನೀಲಿ ಬಣ್ಣ ಬಳಿಸಿಕೊಂಡು ಸೀದಾ ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದ.

"ತಮ್ಮಾ, ಹಿಂದ ಒಂದು ಬರಿ."

"ಏನಂತ ಬರೀಲಿ? ದೇವರ ಹೆಸರೋ, ಮಗನ ಹೆಸರೋ?"

"ದೇವರು ಮನ್ಯಾಗ ಅದಾನ, ಮಗಾ ಟ್ರ್ಯಾಕ್ಟರದ ಮ್ಯಾಲೆ ಕುಂತಾನ. ರೈತ ಅಂತ ಬರಿ. ಇಂಗ್ಲಿಷಿನ್ಯಾಗ ಬರಿ. ಮೇಲವಂಕಿ ಬೀಗರ ಟ್ರೇಲರಿಗೆ ಇಂಗ್ಲಿಷಿನ್ಯಾಗ ಏನೋ ಐತಿ. ನನಗೂ ಇರಲಿ. ನನ್ನ ತಮ್ಮ ಏನ್ ಸಣ್ಣ ಪೇಂಟರ್ ಏನ?"

ಚೀಟಿ ಇಲ್ಲ, ಕೇಳಲು ಯಾರೂ ಇಲ್ಲ. ಕೇಳುವ ಜಾತಿಯವನೂ ನಾನಲ್ಲ. ಫಾರ್ಮರ್. ಬಾಲ ನನಗೆ ಗೊತ್ತೇ ಇತ್ತು, ಇ ಮತ್ತು ಆರ್. ತಲೆಯೂ ಗೊತ್ತಿತ್ತು. ತಹಶೀಲ್ದಾರ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗೆ 'ಎಲ್ಲಾ ತರಹದ ಫಾರ್ಮ್ ಸಿಗುತ್ತವೆ' ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ: ಎಫ್, ಓ, ಆರ್, ಎಮ್. ಆ ಫಾರ್ಮ್‌ಗೆ ಈ ಬಾಲ ಹಚ್ಚಿದರೆ ಫಾರ್ಮರ್. ಅಷ್ಟೇ. ಹಳದಿ ಬಣ್ಣದಲ್ಲಿ, ಕೆಂಪು ನೆರಳು ಕೊಟ್ಟು, ಒಂದು ಮೊಳ ಎತ್ತರದ ಅಕ್ಷರಗಳನ್ನು ಬರೆದೆ. ಓ ಅಕ್ಷರ ಬಂದಾಗ ಕೈಗೆ ಹುಕಿ ಬಂತು. ನಮ್ಮ ಅಪ್ಪ ಚಕ್ಕಡಿ ಹೊಡೆದವನು. ಆ ಓ ಒಳಗೆ ಅರೆಕಾಲಿನ ಕಡ್ಡಿಗಳನ್ನು ಎಳೆದು, ನಡುವೆ ಗುಂಬದ ಗುಂಡು ತೆಗೆದು, ಅದನ್ನು ಚಕ್ಕಡಿಯ ಗಾಲಿಯನ್ನಾಗಿ ಮಾಡಿಬಿಟ್ಟೆ.

ಅಣ್ಣನಿಗೆ ಅಕ್ಷರ ಬಾರದು, ಗಾಲಿ ಗೊತ್ತು. ಬಹಳ ಹೊತ್ತು ನಿಂತು ನೋಡಿದ. ಬಣ್ಣ ಹಸಿಯಿದೆ ಎಂದು ಹೇಳಿದರೂ ಕೇಳದೆ ಬೆರಳಿನಿಂದ ಅದರ ಅಂಚು ಮುಟ್ಟಿದ. "ಅಪ್ಪನ ಗಾಲಿ" ಎಂದ. ಆ ದಿನ ನಾನು ಮಾಡಿದ ಕೆಲಸಕ್ಕಿಂತ ಒಳ್ಳೆಯ ಕೆಲಸವನ್ನು ಜೀವನದಲ್ಲಿ ಮಾಡಿಲ್ಲ ಎಂದುಕೊಂಡೇ ಮಲಗಿದೆ.

ಒಂದು ಹಂಗಾಮು ಆ ಟ್ರೇಲರ್ ಕಬ್ಬು ಹೊತ್ತು ಓಡಾಡಿತು. ಯಾರೂ ಏನೂ ಅನ್ನಲಿಲ್ಲ. ಎರಡನೆಯ ಹಂಗಾಮಿನಲ್ಲಿ ಫ್ಯಾಕ್ಟರಿಯ ಅಂಗಳದಲ್ಲಿ, ಸಾಲಾಗಿ ನಿಂತ ಟ್ರ್ಯಾಕ್ಟರುಗಳ ನಡುವೆ, ಚೀಟಿ ಬರೆಯುವ ಹೊಸ ಹುಡುಗನೊಬ್ಬ ಅದನ್ನು ಓದಿದ.

"ಕಾಕಾ, ಒಕ್ಕಲತನಾ ಯಾವಾಗ ಬಿಟ್ರಿ?"

"ಬಿಟ್ಟಿದ್ರ ಈ ಕಬ್ಬ ಏನ್ ನಿಮ್ಮಪ್ಪ ಬೆಳದಾನ?" ಎಂದನಂತೆ ಅಣ್ಣ.

"ಮತ್ತ ಮಾಜಿ ಅಂತ ಬರಿಸೀರಲ್ರಿ. ರೈತ ಅಲ್ಲ ಇದು."

ಸುತ್ತ ನಿಂತ ಡ್ರೈವರುಗಳು ಹೋ ಎಂದು ನಕ್ಕರು. ಕುಲಗೋಡದವರೂ ಇದ್ದರು, ತುಕ್ಕಾನಟ್ಟಿಯವರೂ ಇದ್ದರು. ಅಣ್ಣ ಸಿಟ್ಟಿಗೇಳಲಿಲ್ಲ. ಟ್ರೇಲರಿಗೆ ಬೆನ್ನು ಹಚ್ಚಿ ನಿಂತು, "ಇದನ್ನ ಬರದಾಂವ ನನ್ನ ತಮ್ಮ. ಗೋಕಾಕ ತುಂಬ ಅವನ ಅಕ್ಷರ ಅದಾವು. ಅವನ ಅಕ್ಷರ ತಪ್ಪಂಗಿಲ್ಲ. ನಿನ್ನ ಸಾಲಿ ತಪ್ಪಿರಬೇಕ ನೋಡ" ಎಂದ. ಈ ಮಾತನ್ನು ಅಲ್ಲಿದ್ದವರೇ ನನಗೆ ಆಮೇಲೆ ಹೇಳಿದರು.

ಅದೇ ವರ್ಷ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಆ ಮಾತು ಮತ್ತೆ ಬಂತು. ಅಣ್ಣನ ಮಗ ಬಿ.ಎ. ಎರಡು ವರ್ಷ ಓದಿ, ಬಿಟ್ಟು, ಅಪ್ಪನ ಜೊತೆ ಒಕ್ಕಲುತನಕ್ಕೆ ನಿಂತವನು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅವನೇ, ಅಪ್ಪ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂರುತ್ತಿದ್ದ. ಸಜ್ಜೆ ರೊಟ್ಟಿ ಮುರಿಯುತ್ತ ಅವನು ಮೆಲ್ಲಗೆ ಹೇಳಿದ.

"ಕಾಕಾ, ಖರೇನ ತಪ್ಪೈತಿ. ಓ ಅಲ್ಲ, ಎ ಬರಬೇಕು. ಮೊಬೈಲಿನ್ಯಾಗ ನೋಡು ಬೇಕಾರ."

"ಮೊಬೈಲಿನ್ಯಾಗ ಏನ್ ಬೇಕಾದ್ದ ಬರ್ತೈತಿ. ನೀ ಹುಟ್ಟೂಕಿಂತ ಮೊದಲ ನಾ ಇಂಗ್ಲಿಷ್ ಬರ್ಯಾಕತ್ತೇನಿ" ಎಂದೆ.

"ಬರದಿ ಖರೆ, ಆದ್ರ..."

"ಸಾಲಿ ಕಲತ ನಾಲಿಗಿ ಉದ್ದಾತೇನಲೇ?" ಎಂದು ಅಣ್ಣ ನಡುವೆ ಬಂದ. "ಮುಚ್ಚ ಅದನ್ನ, ಉಣ್ಣ."

ಹುಡುಗ ಮೊಬೈಲ್ ಕಿಸೆಗೆ ಹಾಕಿ ಉಂಡ. ನಾನೂ ಉಂಡೆ. ಅಣ್ಣ ಎಂಬ ಒಬ್ಬ ಮನುಷ್ಯ ನನ್ನ ಪಕ್ಕದಲ್ಲಿ ಇರುವತನಕ ನನ್ನ ಅಕ್ಷರ ಹೇಗೆ ತಪ್ಪಾದೀತು ಎಂಬ ಧೈರ್ಯ ಅದು.

ಮುಂದಿನ ಶ್ರಾವಣದಲ್ಲಿ ಹುಕ್ಕೇರಿಯ ಒಂದು ಹೈಸ್ಕೂಲಿನಿಂದ ಕರೆ ಬಂತು. ಫ್ಲೆಕ್ಸ್ ಬಂದು ನಮ್ಮ ಕೈಕೆಲಸದ ಹೊಟ್ಟೆಯ ಮೇಲೆ ಹೊಡೆದು ವರ್ಷಗಳಾಗಿದ್ದವು. ಮರದ ಹಲಗೆಗೆ ಬಂಗಾರ ಬಣ್ಣದ ಅಕ್ಷರ ಬೇಕಾದವರು ಮಾತ್ರ ಇನ್ನೂ ನನ್ನನ್ನು ಹುಡುಕುತ್ತಿದ್ದರು. ಹೆಡ್‌ಮಾಸ್ತರರು ಕೈಯಲ್ಲಿ ಕಾಗದ ಕೊಟ್ಟರು. ಹನ್ನೊಂದು ಹೆಸರು, ಮೇಲೆ ಎರಡು ಇಂಗ್ಲಿಷ್ ಮಾತು. ಮೊದಲನೆಯ ಮಾತು ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಎಫ್, ಓ, ಆರ್, ಎಮ್, ಇ, ಆರ್.

"ಸರ್, ನಿಮ್ಮ ಸಾಲಿ ಹೆಡ್‌ಮಾಸ್ತರರೆಲ್ಲಾ ಒಕ್ಕಲತನಾ ಮಾಡ್ಕೋತ ಸಾಲಿ ನಡಸ್ಯಾರೇನ್ರಿ?" ಎಂದು ನಕ್ಕೆ.

ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಜೋರಾಗಿ ನಕ್ಕರು. ಒಳ್ಳೆಯ ಮನುಷ್ಯ, ಅಪಮಾನ ಮಾಡಬೇಕೆಂದು ನಕ್ಕದ್ದಲ್ಲ. "ಪೇಂಟರ್ರ, ಓ ಬಂದ್ರ ಮಾಜಿ, ಎ ಬಂದ್ರ ರೈತ. ಬಾಯಾಗ ಎರಡೂ ಫಾರ್ಮರ್, ಕಾಗದದ ಮ್ಯಾಲೆ ಬ್ಯಾರೆ ಬ್ಯಾರೆ. ಇವರೆಲ್ಲಾ ನನಕಿಂತ ಹಿಂದಿನ ಹೆಡ್‌ಮಾಸ್ತರರು. ಮಾಜಿಗಳು."

"ಗೊತ್ತೈತ್ರಿ ಸರ್. ನಗಸಾಕ ಚಾಷ್ಟಿ ಮಾಡ್ದೆ" ಎಂದೆ.

ಏಣಿ ಹತ್ತಿ ಆ ಮಾತನ್ನು ಬರೆದೆ. ಓ ಬರೆಯುವಾಗ ನಲವತ್ತು ವರ್ಷದಲ್ಲಿ ಮೊದಲನೆಯ ಸಲ ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಬರೆದೆ.

ಹುಕ್ಕೇರಿಯಿಂದ ಗೋಕಾಕದತನಕ ಬಸ್ಸಿನಲ್ಲಿ ಕಿಟಕಿಗೆ ತಲೆ ಹಚ್ಚಿ ಕೂತೆ. ಕಿಸೆಯಲ್ಲಿ ಫೋನಿತ್ತು. ಅಣ್ಣಾ, ನಂದ ತಪ್ಪಾತು. ಮೂರೇ ಮಾತು. ಅವನು ನಗುತ್ತಿದ್ದ, ಬಯ್ಯುತ್ತಿದ್ದ, ಮುಗಿಯುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಅವನು ಟ್ರೇಲರಿಗೆ ಬೆನ್ನು ಹಚ್ಚಿ ನಿಂತದ್ದು. ನಾನು ನೋಡಿರಲಿಲ್ಲ, ಕೇಳಿದ್ದು ಮಾತ್ರ, ಆದರೂ ಕಣ್ಣಿಗೆ ಕಟ್ಟಿತು. ಅಷ್ಟು ಮಂದಿಯ ಮುಂದೆ ನನ್ನ ಪರವಾಗಿ ನಿಂತವನಿಗೆ ನಾನು ಯಾವ ಬಾಯಿಂದ ಹೇಳಲಿ? ಹೇಳದೆಯೇ ಸರಿಪಡಿಸಬಹುದು ಎಂದು ಆಗ ಹೊಳೆಯಿತು. ಆ ಬುದ್ಧಿ ಬರಬಾರದಿತ್ತು.

ಅಪ್ಪ ಮಗ ಇಬ್ಬರೂ ಹೋರಿ ನೋಡಲು ಮೂಡಲಗಿ ಸಂತೆಗೆ ಹೋಗುವ ದಿನ ಗೊತ್ತು ಮಾಡಿಕೊಂಡೆ. ಟ್ರೇಲರ್ ಹೊಲದ ಬದುವಿನಲ್ಲಿ ನಿಂತಿರುತ್ತಿತ್ತು, ಕಬ್ಬು ಕಡಿಯುವುದು ಇನ್ನೂ ಶುರುವಾಗಿರಲಿಲ್ಲ. ಮುಂಜಾನೆಯ ಬಸ್ಸಿಗೆ ಹೋಗಿ, ಊರೊಳಗೆ ಹೋಗದೆ ಹೊಲದ ಹತ್ತಿರವೇ ಇಳಿದೆ. ನನ್ನ ಅಪ್ಪನ ಹೊಲದಲ್ಲಿ ನಾನು ಕಳ್ಳನ ಹಾಗೆ ಕೂತು ನೀಲಿ ಬಣ್ಣದಿಂದ ಆ ಗಾಲಿಯನ್ನು ಮುಚ್ಚಿದೆ. ಒಂದು ಕೈ ಬಳಿದರೆ ಅರೆಕಾಲು ಇನ್ನೂ ಕಾಣುತ್ತಿದ್ದವು. ಒಣಗುವ ತನಕ ಬೇವಿನ ಗಿಡದ ಕೆಳಗೆ ಕೂತು, ಮತ್ತೊಂದು ಕೈ ಬಳಿದೆ. ಮೇಲೆ ಎ ಬರೆದೆ. ಹನ್ನೆರಡರ ಬಸ್ಸಿಗೆ ತಿರುಗಿ ಬಂದೆ. ಹೊಲಕ್ಕೆ ಹೋಗಿ ಅಣ್ಣನ ಹೆಂಡತಿ ವೈನಿಯ ಕೈಯ ನೀರು ಕುಡಿಯದೆ ಬಂದದ್ದು ಅದೇ ಮೊದಲು.

ಸಂಜೆ ಅಣ್ಣನ ಫೋನು.

"ತಮ್ಮಾ, ಗಾಲಿ ಅಳಿಸ್ಯಾನ್ ನೋಡೋ ಈ ಹಲಕಟ್! ಅಪ್ಪನ ಗಾಲಿ ಅಳಿಸಿ ಗುಡಿಸಲದಂಗ ಏನೋ ಬರದಾನ."

"ಯಾರು?"

"ಮತ್ತ್ಯಾರು, ನನ್ನ ಹೊಟ್ಟ್ಯಾಗ ಹುಟ್ಟಿದಾಂವ. ಕೇಳಿದ್ರ, ಹೌದು, ನಸುಕಿನ್ಯಾಗ ಸಂತಿಗೆ ಹೋಗೂಕಿಂತ ಮೊದಲ ನಾನ ಮಾಡೇನಿ ಅಂತಾನ. ನಿನ್ನ ಅಕ್ಷರ ತಿದ್ದಾಂವ ಆದನೋ ಅಂವಾ, ನಿನ್ನ ಅಕ್ಷರ! ನೀ ಬಂದು ಗಾಲಿ ತಗದು ಕೊಡು ಮತ್ತ."

ಹುಡುಗ ಯಾಕೆ ಒಪ್ಪಿಕೊಂಡ ಎಂದು ತಿಳಿಯಲಿಲ್ಲ. ಅಲ್ಲ, ಸ್ವಲ್ಪ ತಿಳಿಯಿತು. ತಿಳಿದದ್ದನ್ನು ಪಕ್ಕಕ್ಕೆ ಸರಿಸಿದೆ. "ಬರ್ತೇನಿ ಬಿಡೋ ಅಣ್ಣಾ, ಈಗ ಕೆಲಸಾ ಭಾಳ ಅದಾವು" ಎಂದೆ.

ಕೆಲಸ ಅಷ್ಟೇನೂ ಇರಲಿಲ್ಲ.

ಅಣ್ಣ ಮಗನ ಜೊತೆ ಮಾತು ಬಿಟ್ಟ. ನಮ್ಮ ಕಡೆಯ ಅಪ್ಪಂದಿರು ಮಾತು ಬಿಟ್ಟರೆ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಗೊತ್ತು. ಒಂದೇ ಪಡಸಾಲೆಯಲ್ಲಿ ಇಬ್ಬರೂ ಕೂತಿದ್ದರೂ ಹೆಂಡತಿಗೆ ಹೇಳುವುದು: "ಅವಗ ಹೇಳು, ಮೋಟಾರ ಬಂದ್ ಮಾಡಂತ." ಕಬ್ಬಿನ ಹಂಗಾಮು ಶುರುವಾದಾಗ ಮಗನ ಕೈಯಿಂದ ಟ್ರ್ಯಾಕ್ಟರಿನ ಚಾವಿ ಕಸಿದುಕೊಂಡು ತಾನೇ ಓಡಿಸತೊಡಗಿದ. ವಯಸ್ಸು ಅರವತ್ತರ ಹತ್ತಿರ. ಫ್ಯಾಕ್ಟರಿಯ ಸಾಲಿನಲ್ಲಿ ಒಮ್ಮೊಮ್ಮೆ ಎರಡು ದಿನ ನಿಲ್ಲಬೇಕಾಗುತ್ತಿತ್ತು. ಟ್ರೇಲರಿನ ಹಿಂದೆ ಸರಿಯಾಗಿ ಬರೆದ ಆ ಪದದ ಮೇಲೆ ಒಂದು ಗೋಣಿಚೀಲ ಕಟ್ಟಿದ್ದ. ಯಾರಾದರೂ ಕೇಳಿದರೆ, "ತಮ್ಮ ಬಂದು ಬರದು ಕೊಟ್ಟ ಮ್ಯಾಲೆ ಬಿಚ್ಚತೇನಿ" ಎನ್ನುತ್ತಿದ್ದನಂತೆ.

ದೀಪಾವಳಿಗೆ ಹೋದೆ. ಬಣ್ಣದ ಡಬ್ಬಿ ಒಯ್ಯಲಿಲ್ಲ. "ಮರತೆ" ಎಂದೆ. ಅಣ್ಣ, "ಇರಲಿ, ಹಬ್ಬದಾಗ ಯಾಕ ಕೆಲಸಾ" ಎಂದ. ಮಗ ನನ್ನ ಎದುರಿಗೆ ತಾಟು ಇಟ್ಟು, ನನ್ನ ಮುಖವನ್ನು ಒಂದು ಕ್ಷಣ ನೋಡಿ ಹೋದ. ವೈನಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡು, "ನೀವರೆ ಒಂದ್ ಮಾತ ಹೇಳ್ರಿ. ನಿಮ್ಮ ಮಾತ ಒಂದ ಕೇಳ್ತಾರ. ಅಪ್ಪ ಮಗಾ ಮಾತಾಡಿ ಮೂರ ತಿಂಗಳಾತು, ಒಂದ್ ಅಕ್ಷರದ ಸಲುವಾಗಿ" ಎಂದಳು.

ನಿಜ, ಒಂದೇ ಅಕ್ಷರ. ಹೇಳಬೇಕಾದ ಮನುಷ್ಯ ನಾನೇ, ಕೇಳುವ ಮನುಷ್ಯ ಅಂಗಳದಲ್ಲೇ ಬೀಡಿ ಸೇದುತ್ತ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಮಳೆಯ ಬಗ್ಗೆ ಮಾತಾಡಿದೆ. ಹೋರಿಯ ಬಗ್ಗೆ ಮಾತಾಡಿದೆ. ಅವನು ನನ್ನ ಬೆನ್ನ ಮೇಲೆ ಕೈ ಇಟ್ಟು, "ನೀ ಒಬ್ಬ ಕಲತಿ ನೋಡು ನಮ್ಮ ಮನ್ಯಾಗ, ಸಾಲಿ ಬಿಟ್ಟ ಮ್ಯಾಲೂ" ಎಂದ. ಅದಾದ ಮೇಲೆ ಹೇಳುವುದು ಇನ್ನೂ ಕಠಿಣವಾಯಿತು. ನಾಚಿಕೆಯಿಂದ ಮನುಷ್ಯ ಸಾಯುವುದಿಲ್ಲ, ಅದು ನನಗೂ ಗೊತ್ತಿತ್ತು. ಆದರೆ ನನ್ನ ಹತ್ತಿರ ಇದ್ದದ್ದು ಅದೊಂದೇ, ಅಣ್ಣನ ಆ ಮಾತು. ಮನೆ, ಹೊಲ, ಪದವಿ ಏನೂ ಇಲ್ಲದವನಿಗೆ ಅದೇ ಆಸ್ತಿ. ಬಿಟ್ಟುಕೊಡಲಾಗಲಿಲ್ಲ.

ಸಂಕ್ರಾಂತಿಗೂ ಹೋದೆ. ಆಗಲೂ ಹೇಳಲಿಲ್ಲ.

ಶಿವರಾತ್ರಿಗೆ ಇನ್ನೂ ಎಂಟು ದಿನ ಇತ್ತು. ಮುಂಜಾನೆ ನೀರು ಬಿಡಲು ಹೋದ ಅಣ್ಣ ಬದುವಿನ ಮೇಲೆ ಕೂತವನು ಏಳಲಿಲ್ಲ. ಎದೆ ಹಿಡಿದುಕೊಂಡು ಕೂತಿದ್ದನ್ನು ನೋಡಿ ಮೊದಲು ಓಡಿ ಬಂದವನು ಮಗನೇ. ಗೋಕಾಕದ ದವಾಖಾನೆಗೆ ಕರೆತರುವಾಗ ದಾರಿಯಲ್ಲಿ ಹೋದ. ನಾನು ದವಾಖಾನೆಯ ಬಾಗಿಲಲ್ಲಿ ನಿಂತಿದ್ದೆ. ಗಾಡಿ ಬಂತು. ಹುಡುಗನ ತೊಡೆಯ ಮೇಲೆ ಅಣ್ಣನ ತಲೆ ಇತ್ತು.

ಮೂಡಲಗಿಯಿಂದ ಯಾರೋ ಅಣ್ಣನ ಫೋಟೋ ಹಾಕಿದ ಫ್ಲೆಕ್ಸ್ ಮಾಡಿಸಿ ತಂದು ಊರ ಅಗಸಿ ಬಾಗಿಲಲ್ಲಿ ಕಟ್ಟಿದರು. ಅದರಲ್ಲಿ ಪ್ರಗತಿಪರ ರೈತರು ಎಂದು ಕನ್ನಡದಲ್ಲಿತ್ತು. ನನ್ನನ್ನು ಯಾರೂ ಏನೂ ಬರೆಯಲು ಕೇಳಲಿಲ್ಲ. ಕೇಳಿದ್ದರೂ ಕೈ ಬರುತ್ತಿರಲಿಲ್ಲ.

ದಿನಕರ್ಮ ಮುಗಿದ ಮರುದಿನ ಹುಡುಗ ಹೊಲದಲ್ಲಿ ಟ್ರೇಲರಿನ ಹಗ್ಗ ಸುತ್ತುತ್ತಿದ್ದ. ಹೋಗಿ ನಿಂತೆ. ಎಲ್ಲಾ ಹೇಳಿದೆ. ಹುಕ್ಕೇರಿಯಿಂದ ಹಿಡಿದು ಬೇವಿನ ಗಿಡದ ಕೆಳಗೆ ಕೂತ ತನಕ. ಅವನು ಕೈ ನಿಲ್ಲಿಸಲಿಲ್ಲ. ಹಗ್ಗ ಪೂರ್ತಿ ಸುತ್ತಿ, ಕೆಳಗಿಟ್ಟು, ಆಮೇಲೆ ಮಾತಾಡಿದ.

"ನನಗ ಗೊತ್ತಿತ್ತ ಕಾಕಾ. ನಿನ್ನ ಕೈ ನನಗ ಗೊತ್ತಾಗಂಗಿಲ್ಲೇನು? ಅಂಥಾ ಎ ಗೋಕಾಕದಾಗ ಮತ್ತ ಯಾರು ಬರೀತಾರ?"

"ಮತ್ತ ನೀ ಯಾಕ ಒಪಗೊಂಡಿ?"

"ಅಷ್ಟ ಮಂದಿ ಮುಂದ ನನ್ನ ತಮ್ಮನ ಅಕ್ಷರ ತಪ್ಪಂಗಿಲ್ಲ ಅಂದು ಬಂದಾನ ಅಪ್ಪ. ತಿದ್ದಿದಾಂವ ತಮ್ಮನ ಅಂತ ನಾ ಹೆಂಗ ಹೇಳ್ಲಿ? ನಾಕ ದಿನ ಬೈಸಿಕೊಂಡ್ರಾತು, ಅಷ್ಟರಾಗ ಕಾಕಾ ಬಂದು ಹೇಳ್ತಾನ ಅಂದೆ." ಟ್ರೇಲರಿನ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. "ದೀಪಾವಳಿಗೆ ಬಂದಿ. ಹೇಳ್ತಿ ಅಂತ ಬಾಗಲದಾಗ ನಿಂತಿದ್ದೆ. ಮಳಿ ಬಗ್ಗೆ ಮಾತಾಡಿದಿ. ಸಂಕ್ರಾಂತಿಗೆ ಬಂದಿ. ಆಮ್ಯಾಲೆ ನಾನ ಹೇಳೂಣಂತ ಮಾಡಿದೆ. ನನ್ನ ಜೋಡಿ ಮಾತಾ ಆಡತಿರಲಿಲ್ಲಲ್ಲ, ಯಾರಿಗೆ ಹೇಳ್ಲಿ?"

"ಕಡೀಕೂ ಮಾತಾಡಲಿಲ್ಲೇನಪಾ? ಗಾಡ್ಯಾಗ?"

"ನೀರ ಕೇಳಿದಾ. ಡ್ರೈವರಗ ಕೇಳಿದಾ."

ನಾನು ಬದುವಿನ ಮೇಲೆ ಕೂತೆ. "ನಂದ ತಪ್ಪಾತು" ಎಂದೆ. ಇಷ್ಟು ದಿನ ಬಾಯಿಗೆ ಬಾರದ ಮಾತು ಈಗ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಸಹ್ಯವಾಯಿತು. ಕೇಳಬೇಕಾದವನು ಇರಲಿಲ್ಲ. ಹುಡುಗ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡ.

"ಅವ್ವಗ ಹೇಳಬ್ಯಾಡ್ರಿ. ಅಕಿಗೆ ನಿಮ್ಮ ಮ್ಯಾಲರೆ ಒಂದೀಟ ಭರೋಸಾ ಉಳೀಲಿ" ಎಂದು ಹೇಳಿ ಮನೆಯ ಕಡೆ ನಡೆದ.

ಆ ಮಾತಿನಲ್ಲಿ ಬದಲಾದದ್ದೇನೆಂದು ಅವತ್ತು ನನಗೆ ಹೊಳೆಯಲಿಲ್ಲ. ಈಗ ಒಂದು ವರ್ಷವಾಯಿತು. ಹುಡುಗ ಒಕ್ಕಲುತನ ಚೆನ್ನಾಗಿ ಮಾಡುತ್ತಾನೆ. ಗೋಣಿಚೀಲ ಬಿಚ್ಚಿದ್ದಾನೆ. ಹಬ್ಬಕ್ಕೆ ತಪ್ಪದೆ ಫೋನು ಮಾಡಿ ಕರೆಯುತ್ತಾನೆ. ನನಗೆ ಜ್ವರ ಬಂದಾಗ ಗೋಕಾಕಕ್ಕೆ ಬಂದು ದವಾಖಾನೆಗೆ ಕರೆದೊಯ್ದು, ಗುಳಿಗೆಯ ಚೀಟಿಯ ಮೇಲೆ ಯಾವುದು ಮುಂಜಾನೆ, ಯಾವುದು ಸಂಜೆ ಎಂದು ಕನ್ನಡದಲ್ಲಿ ಬರೆದುಕೊಟ್ಟು ಹೋದ. ಯಾವುದಕ್ಕೂ ಕೊರತೆ ಮಾಡಿಲ್ಲ.

ಕಳೆದ ವಾರ ಕುಲಗೋಡಕ್ಕೆ ಹೋಗಿದ್ದೆ. ಅಂಗಳದಲ್ಲಿ ನನ್ನನ್ನು ನೋಡಿ ಎದ್ದು ನಿಂತ. "ಬರ್ರಿ ಕಾಕಾ, ಕುಂದರ್ರಿ. ಬಸ್ ಸಿಕ್ಕಿತ್ತೇನ್ರಿ? ಚಾ ತಗೋರಿ" ಎಂದ. ತೊದಲು ನುಡಿಯುವಾಗಿನಿಂದ ನನ್ನನ್ನು ನೀ ಎಂದು ಕರೆದು, ನನ್ನ ಹೆಗಲ ಮೇಲೆ ಕೂತು, ನನ್ನ ಬಣ್ಣದ ಡಬ್ಬಿಯಲ್ಲಿ ಕೈ ಅದ್ದಿದ ಹುಡುಗ ಅವನು. ನಮ್ಮ ಮನೆಯಲ್ಲಿ ಕಾಕಾನಿಗೆ ಯಾರೂ ರಿ ಹಚ್ಚುವುದಿಲ್ಲ. ಊರ ಗೌಡರಿಗೆ ಹಚ್ಚುತ್ತಾರೆ, ಬ್ಯಾಂಕಿನ ಸಾಹೇಬರಿಗೆ ಹಚ್ಚುತ್ತಾರೆ.

ವೈನಿ ಒಳಗಿನಿಂದ ಚಹಾ ತಂದಳು. ಮಗನ ಬೆನ್ನ ಹಿಂದೆ ನೋಡಿ ನಕ್ಕು, "ಅವರಪ್ಪ ಹೋದ ಮ್ಯಾಲೆ ಭಾಳ ಮರ್ಯಾದಿ ಕಲತಾನ ನೋಡ್ರಿ" ಎಂದಳು.

ಹೂಂ ಎಂದೆ. ಚಹಾ ಕುಡಿದೆ.